ಸಮುದ್ರ ಬರೆಯುವ ಹಾಲಸ್ವಾಮಿ

ಭದ್ರಾವತಿಯ ಕಾರ್ಖಾನೆಯ ಕುಲುಮೆಯ ಗದ್ದಲದಲ್ಲಿ ದುಡಿದು ದುಡಿದು ಹಾಲಸ್ವಾಮಿಯವರಿಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿತ್ತು. ಅವರು ಕಾಫಿ ಕೇಳಿದರೆ ನ್ಯೂ ಟೌನಿನ ಹಿಂದಿನ ಬೀದಿಯಲ್ಲೂ ಒಲೆ ಹತ್ತಬೇಕು, ಅಂಥ ಗಂಟಲು. ರಜೆ ಬಂತೆಂದರೆ ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ, ಕಂಡೇ ಇರದ ಸಮುದ್ರವನ್ನು ಬಣ್ಣದಲ್ಲಿ ಬರೆಯುತ್ತಿದ್ದರು. ಅದು ಪ್ರತಿ ಸಲವೂ ಭತ್ತದ ಗದ್ದೆಯಾಗಿಬಿಡುತ್ತಿತ್ತು, ಆದರೂ ಅವರು ಬಿಡುತ್ತಿರಲಿಲ್ಲ. ನಿವೃತ್ತರಾದದ್ದೇ ತಡ, ತಮ್ಮನಿದ್ದ ಅಂಡಮಾನಿಗೆ ಹೊರಟು ನಿಂತರು: "ಇನ್ನು ಅಲ್ಲೇ ಇದ್ದು, ನೋಡ್ಕೊಂಡೇ ಬರೀತೀನಿ ಕಣೇ!" "ದೀಪಾವಳಿವರೆಗೆ ಮಾತ್ರ ನಾನಿರೋದು. ಆಮೇಲೆ ಶಿವಮೊಗ್ಗಕ್ಕೆ, ಮಗಳ ಮನೆಗೆ ಹೋಗ್ತೀನಿ," ಎಂದು ಕರಾರು ಹಾಕಿಯೇ ಹೆಂಡತಿ ಜಯಶೀಲಮ್ಮ ಮದರಾಸಿನಲ್ಲಿ ಹಡಗು ಹತ್ತಿದರು. ಅಲ್ಲಿ ಹಾಲಸ್ವಾಮಿ ಬೆಳಗಾಗುವುದರೊಳಗೆ ಬಂಡೆಯ ಮೇಲೆ ಹಾಜರು, ಕುಂಚ ಎತ್ತುವಷ್ಟರಲ್ಲಿ ಒಡೆದುಹೋಗುವ ಅಲೆಗೆ "ಒಂಚೂರು ನಿಲ್ಲೋ ಮಾರಾಯ!" ಎಂದು ಗದರುವರು, ಹಾರಿದ ಕಾಗದದ ಹಿಂದೆ ಮರಳಲ್ಲಿ ಓಡುವರು. ಅಲೆ ಬಿಟ್ಟರೆ ಬೇರೆ ಸದ್ದಿಲ್ಲದ ಆ ದ್ವೀಪದಲ್ಲಿ ತಿಂಗಳುಗಳು ಕಳೆದವು. ಒಂದು ಸಂಜೆ ಬೆನ್ನ ಹಿಂದೆ ಯಾರೋ "ಜಯಾ, ಇದು ಹೇಗಿದೆ ನೋಡು" ಎಂದರು. ಜಯಶೀಲಮ್ಮ ಗಾಬರಿಯಿಂದ ತಿರುಗಿದರೆ, ಗಂಡ. ಮದುವೆಯಾದಂದಿನಿಂದ ಅಷ್ಟು ಮೆತ್ತಗೆ ಅವರು ತನ್ನ ಹೆಸರು ಹಿಡಿದು ಕರೆದದ್ದನ್ನು ಆಕೆ ಕೇಳಿರಲಿಲ್ಲ. ದೀಪಾವಳಿ ಬಂತು. ಮದರಾಸಿಗೆ ಹಡಗು ಹೊರಟ ದಿನ ಜಯಶೀಲಮ್ಮ ದ್ವೀಪದ ಮನೆಯ ಹಿತ್ತಲಲ್ಲಿ ಬಸಳೆಗೆ ಚಪ್ಪರ ಹಾಕುತ್ತಿದ್ದರು.