ಕದವಿಲ್ಲದ ಕೋಟೆ ಬಾಗಿಲು

ನಾನು ಇತಿಹಾಸದ ಮೇಷ್ಟ್ರು. ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಶುರು ಮಾಡಿದರೆ 'ಸುಮ್ನಿರ್ರೀ, ಕಂಡಿದೀನಿ' ಎಂದು ಬಾಯಿ ಮುಚ್ಚಿಸುತ್ತಿದ್ದವನು. ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಅಬ್ಬಾ ಕೂಡ ಹಾಗೇ. ತಾಯತ ಮಾರಲು ಬಂದವನಿಗೆ ಟೀ ಕುಡಿಸಿ ವಾಪಸ್ ಕಳಿಸುತ್ತಿದ್ದರು. ಈಗಲೂ ನಾನು ಅಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ಒಂದು ಮಧ್ಯಾಹ್ನ ಈ ಕೈಗೆ ತಾಗಿದ್ದನ್ನು ಏನೆಂದು ಕರೆಯಲಿ, ನೀವೇ ಹೇಳಿ. ಅದನ್ನು ನೆನೆದರೆ ಹೆದರಿಕೆಗಿಂತ ಸಿಟ್ಟೇ ಮೊದಲು ಬರುತ್ತದೆ.

ಎಂಬತ್ತರ ದಶಕದ ಶುರುವಿನ ಮಾತು. ಇತಿಹಾಸದ ಮೇಷ್ಟ್ರುಗಳಿಗೆಂದು ಗುಬ್ಬಿಯಲ್ಲಿ ಪುನಶ್ಚೇತನ ಶಿಬಿರ ಇಟ್ಟಿದ್ದರು. ಕೊನೆಯ ದಿನ ನಮ್ಮನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಹಾಗಲವಾಡಿ ಕಡೆಯ ಒಂದು ಹಳೆಯ ಮಣ್ಣಿನ ಕೋಟೆಗೆ ಹೊರಟರು. ಊರಿನ ಹೆಸರು ಬೇಡ, ಆ ಜನ ಇನ್ನೂ ಅಲ್ಲೇ ಬಾಳುತ್ತಿದ್ದಾರೆ. ಕೋಟೆಯಲ್ಲಿ ಉಳಿದಿದ್ದು ಎರಡು ಕಲ್ಲುಕಂಬದ ಬಾಗಿಲು ಮಾತ್ರ. ಕದ ಹೋಗಿ ತಲೆಮಾರುಗಳೇ ಆಗಿದ್ದವು. ಎಮ್ಮೆ, ಎತ್ತಿನಗಾಡಿ ಎಲ್ಲ ಅದರಲ್ಲೇ ಓಡಾಡುತ್ತಿದ್ದವು.

ನಮಗೆ ತರಬೇತಿ ಕೊಡಲು ಬಂದಿದ್ದ ಅಧಿಕಾರಿಗೆ ಹೊಸ ಹುಚ್ಚು: ಪಾಠವನ್ನು ನಾಟಕ ಮಾಡಿಸಿ ಕಲಿಸಬೇಕು. ಮುತ್ತಿಗೆಯ ದಿನ ಬಾಗಿಲು ಕಾಯುವವನೇ ಲಂಚ ತಿಂದು ಶತ್ರುಗಳಿಗೆ ಕದ ತೆಗೆದ ಎಂಬ ಕತೆ ಅವರಿಗೆ ಎಲ್ಲೋ ಸಿಕ್ಕಿತ್ತು. ಆಧಾರ ಕೇಳಿದರೆ 'ಜನ ಹೇಳ್ತಾರಲ್ರೀ' ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ನಮ್ಮ ಗುಂಪಿನ ಜಯಮ್ಮ ಮೇಡಂ ಕುಣಿಗಲ್ಲಿನಲ್ಲಿ ಪಾಠ ಮಾಡುತ್ತಿದ್ದರು, ಆದರೆ ತವರು ಇದೇ ಊರು, ಅದೇ ಬಾಗಿಲು ಕಾಯುವವನ ವಂಶ. ಮದುವೆ ಮನೆಗಳಲ್ಲಿ ಉಗ್ರಾಣದ ಬೀಗದ ಕೈಯನ್ನು ಊರಿನವರು ಇವತ್ತಿಗೂ ಆ ಮನೆಯವರ ಕೈಗೆ ಕೊಡುವುದಿಲ್ಲವಂತೆ. ಬಸ್ಸಿನಲ್ಲಿ ಆಕೆ ಇದನ್ನು ನನಗೆ ಹೇಳುತ್ತಿದ್ದಾಗ ಅಧಿಕಾರಿಯ ಕಿವಿಗೂ ಬಿತ್ತು. 'ಸ್ವಂತ ವಂಶದವ್ರೇ ಮಾಡಿದ್ರೆ ಎಫೆಕ್ಟ್ ಚೆನ್ನಾಗಿರುತ್ತೆ' ಎಂದು ದ್ರೋಹಿಯ ಪಾತ್ರವನ್ನು ಆಕೆಗೇ ಅಂಟಿಸಿದರು.

ಊರ ಜನ ನೋಡಲು ನೆರೆದಿದ್ದರು. ಜಯಮ್ಮನ ಅಪ್ಪ ಹೆಗಲ ಮೇಲೆ ಟವಲ್ಲು ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದರು.

'ಬ್ಯಾಡ ಸಾರ್,' ಎಂದರು ಜಯಮ್ಮ. 'ನಮ್ಮೋರು ಕದ ತೆಗೀಲಿಲ್ಲ ಅಂತ ಹೇಳ್ಕೊಂಡೇ ನಮ್ಮಪ್ಪಂಗೆ ವಯಸ್ಸಾಯ್ತು. ಅವ್ರ ಎದುರ್ಗೆ ನಾನೇ ತೆಗೀಲಾ?'

'ಆಕ್ಟಿಂಗ್ ಕಣ್ರೀ ಇದು! ಮಾಡ್ದಿದ್ರೆ ಸರ್ಟಿಫಿಕೇಟ್ ಇಲ್ಲ, ನೋಡ್ಕೊಳ್ಳಿ.'

ನನಗೆ ಮೈಯೆಲ್ಲ ಉರಿದುಹೋಯಿತು. 'ಇತಿಹಾಸ ಕಲಿಸ್ತಿದೀರೋ, ಮಾನ ಹರಾಜು ಹಾಕ್ತಿದೀರೋ ಸಾರ್?' ಎಂದೇಬಿಟ್ಟೆ. 'ನಿಮ್ದೂ ನೋಡ್ಕೋತೀನಿ' ಎಂದು ಅವರು ನನ್ನ ಮೇಲೆ ತಿರುಗಿದರು. ಜಗಳ ಬೆಳೆಯುವುದು ಬೇಡವೆಂದೋ ಏನೋ, ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲ ಬಳಿ ಹೋಗಿ, ಇಲ್ಲದ ಕದವನ್ನು ತಳ್ಳುವಂತೆ ಕೈ ಚಾಚಿದರು.

ಚಾಚಿದ ಕೈ ನಡುವೆಯೇ ನಿಂತಿತು. ನಟನೆ ಇರಬೇಕು ಎಂದುಕೊಂಡೆ, ಆದರೆ ಮುಖ ಬಿಳಿಚಿಕೊಂಡಿತ್ತು. 'ಹೋಗ್ತಿಲ್ಲ ಸಾರ್, ಏನೋ ಅಡ್ಡ ಐತೆ' ಎಂದರು. 'ಸರೀರಿ ಆ ಕಡೆ' ಎಂದು ಅಧಿಕಾರಿ ತಾವೇ ನುಗ್ಗಿದರು. ಎದೆ ತಾಗಿ ಹಿಂದಕ್ಕೆ ಬಂದರು. ಭುಜ ಕೊಟ್ಟು ಒತ್ತಿದರೂ ಆಗಲಿಲ್ಲ. ನಾನೂ ಹೋಗಿ ಅಂಗೈ ಇಟ್ಟೆ. ಕಣ್ಣಿಗೆ ಆಚೆಯ ರಾಗಿ ಹೊಲ ಕಾಣುತ್ತಿತ್ತು. ಕೈಗೆ ಮಾತ್ರ ಬಿಸಿಲಿಗೆ ಕಾದ ಮರ, ಅದರಲ್ಲಿ ಕಬ್ಬಿಣದ ಮೊಳೆಗಳ ಉಬ್ಬು. ಅಷ್ಟರಲ್ಲಿ ಆಚೆಯಿಂದ ಒಂದು ಮೇಕೆ ಬಂದು ನಮ್ಮ ಕಾಲ ಸಂದಿಯಲ್ಲೇ ನುಸುಳಿ ಹೋಯಿತು. ಆಮೇಲೆ ಕೈಗೆ ಏನೂ ಸಿಗಲಿಲ್ಲ.

'ನೋಡುದ್ರಾ?' ಎಂದರು ಜಯಮ್ಮನ ಅಪ್ಪ. ಅಧಿಕಾರಿ ಶರಟು ಕೊಡವಿಕೊಂಡು 'ಗಾಳಿ ಜಾಸ್ತಿ' ಎಂದರು. ಒಂದು ಎಲೆ ಅಲ್ಲಾಡುತ್ತಿರಲಿಲ್ಲ, ಸ್ವಾಮಿ!

ಬಿಸಿಲಿಗೆ ತಲೆ ತಿರುಗಿರಬೇಕು, ಒಬ್ಬರನ್ನು ನೋಡಿ ಒಬ್ಬರಿಗೆ ಭ್ರಮೆ ಹಿಡಿದಿರಬೇಕು ಎಂದು ಏನೇನೋ ಕಾರಣ ಹುಡುಕಿ ನೋಡಿದ್ದೇನೆ. ಯಾವುದೂ ನಿಲ್ಲಲಿಲ್ಲ. ಅದೇನೆಂದು ಇವತ್ತಿಗೂ ಗೊತ್ತಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ. ಮುಂದಿನ ವರ್ಷದ ಶಿಬಿರಕ್ಕೂ ಅದೇ ಅಧಿಕಾರಿ, ಅದೇ ಕೋಟೆ, ಅದೇ ನಾಟಕ. ಭುಜ ಕೊಟ್ಟು ಒತ್ತಿದ ಮನುಷ್ಯ ಕಣ್ರೀ! ಈ ಸಲ ಬೇರೆ ಊರಿನ ಮೇಷ್ಟ್ರೊಬ್ಬರಿಂದ ಆ ಪಾತ್ರ ಮಾಡಿಸಿದರಂತೆ. ಅವರು ಸಲೀಸಾಗಿ ಕದ ತೆಗೆದರಂತೆ. ಜಯಮ್ಮನ ಅಪ್ಪ ಆಗಲೂ ಅಲ್ಲೇ ನಿಂತಿದ್ದರಂತೆ, ಮೇಷ್ಟ್ರುಗಳೆಲ್ಲ ಚಪ್ಪಾಳೆ ತಟ್ಟಿದರಂತೆ.