ನುಂಗುವವರೆಗೂ ಸಾಯದ ದೊರೆ

ನಮ್ಮ ಭಾವನ ಮೇಲೆ ನಾನು ಒಂದು ವರ್ಷ ಹಲ್ಲು ಮಸೆದಿದ್ದೇನೆ. ಕಾರಣ ಕೇಳಿದರೆ ನೀವು ನಗುತ್ತೀರಿ, ಏಕೆಂದರೆ ಅದು ಒಂದು ಚೂರು ಬೆಲ್ಲ. ನಗಿ, ಪರವಾಗಿಲ್ಲ. ನನಗಂತೂ ಆವತ್ತು ನಗು ಬರಲಿಲ್ಲ.

ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿರುವ ನಮ್ಮ ತವರಿನಲ್ಲಿ ಕೋಟೆ ಆಟ ಎಂದೊಂದಿದೆ. ಬೇರೆಲ್ಲೂ ನಾನು ಕಂಡಿಲ್ಲ, ನಮ್ಮ ತಾತನೇ ಕಟ್ಟಿದ ಆಟ ಇರಬೇಕು. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಎದುರುಬದುರಾಗಿ ಎರಡು ಕೋಟೆ ಬರೆದು ನಡುವೆ ಮನೆಗಳನ್ನು ಹಾಕುತ್ತೇವೆ. ಒಬ್ಬರ ಸಿಪಾಯಿಗಳು ಸಿಪ್ಪೆ ಸಮೇತ ಕಡಲೆಕಾಯಿ, ಇನ್ನೊಬ್ಬರದು ಹುರಿದ ಕಡಲೆಬೀಜ. ಎರಡೂ ಕಡೆ ಒಬ್ಬೊಬ್ಬ ದೊರೆ, ಅದು ಬೆಲ್ಲದ ಚೂರು. ಹೊಡೆದ ಕಾಯಿಯನ್ನು ಪಕ್ಕಕ್ಕಿಡುವಂತಿಲ್ಲ, ಅಲ್ಲೇ ತಿನ್ನಬೇಕು. ಎದುರಾಳಿಯ ದೊರೆಯನ್ನು ತಿಂದವರು ಗೆದ್ದಂತೆ. ಆದರೆ ದೊರೆಗೆ ಕೈ ಹಾಕುವ ಮೊದಲು ‘ಅಡ್ಡ ಇದೆಯಾ’ ಎಂದು ಕೇಳಬೇಕು. ದೊರೆಯ ಪಕ್ಕದ ಮನೆಯಲ್ಲಿ ಸಿಪಾಯಿ ಇದ್ದರೆ ಅವನನ್ನು ಅಡ್ಡ ತಂದು ಉಳಿಸಿಕೊಳ್ಳಬಹುದು.

ಈ ಆಟದ ಜಗಳಗಳೆಲ್ಲ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದರ ಮೇಲೆಯೇ. ಅದಕ್ಕೆ ನ್ಯಾಯ ಹೇಳುವ ಅಧಿಕಾರ ಒಬ್ಬರದೇ. ಯುಗಾದಿಯ ಮಾರನೆಯ ದಿನ, ಹೊಸತೊಡಕಿನಂದು, ಗೆದ್ದವರ ಮಾತು ಮುಂದಿನ ಹೊಸತೊಡಕಿನವರೆಗೂ ನಡೆಯುತ್ತದೆ. ತಾತ ಇರುವಷ್ಟು ಕಾಲ ಆ ಪಟ್ಟ ತಾತನದೇ ಆಗಿತ್ತು. ನನಗೆ ಆಟ ಕಲಿಸಿದ್ದೂ ತಾತನೇ. ತನ್ನ ನಂತರ ನ್ಯಾಯ ನನ್ನ ಕೈಗೆ ಬರಬೇಕು ಎಂದು ಎಲ್ಲರೆದುರು ಹೇಳುತ್ತಿದ್ದ. ನನಗೂ ಅದೊಂದು ಬೇಕಿತ್ತು. ಚಿನ್ನ ಕೇಳಲಿಲ್ಲ, ಹೊಲ ಕೇಳಲಿಲ್ಲ, ಅದನ್ನು ಕೇಳಿದ್ದೆ.

ತಾತ ಹೋದ ಮೇಲಿನ ಮೊದಲ ಹೊಸತೊಡಕಿನಲ್ಲಿ ಕೊನೆಯ ಆಟಕ್ಕೆ ಉಳಿದವರು ನಾನು ಮತ್ತು ಭಾವ. ಭಾವ ಎಂದರೆ ನನ್ನ ಅಕ್ಕನ ಗಂಡ. ಶಿರಾದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡು ಮಾತಿನಲ್ಲಿ ಯಾರಿಗೂ ಬಗ್ಗದ ಮನುಷ್ಯ. ಅವರ ಸಿಪಾಯಿ ನನ್ನ ದೊರೆಯ ಮುಂದೆ ಬಂದು ನಿಂತ. ನನಗೆ ಪಕ್ಕದಲ್ಲೇ ಅಡ್ಡ ಇತ್ತು. ‘ಅಡ್ಡ’ ಎನ್ನುತ್ತಾ ನಾನು ಸಿಪಾಯಿಯ ಮೇಲೆ ಕೈ ಇಡುವಷ್ಟರಲ್ಲಿ ಭಾವ ಏನೂ ಕೇಳದೆ ನನ್ನ ದೊರೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಕೇಳುವುದು ಮೊದಲು, ತಿನ್ನುವುದು ಆಮೇಲೆ ಎಂದು ನಾನು ಗಂಟಲು ಹರಿಯುವಂತೆ ಹೇಳಿದೆ. ಭಾವ ಬೆಲ್ಲ ಅಗಿಯುತ್ತಲೇ ನ್ಯಾಯ ಹೇಳಿದರು.

“ತಿಂದಾಯ್ತಲ್ಲ ಕಣಮ್ಮ. ತಿಂದಿದ್ದ ವಾಪಸ್ ತರಾಕಾಯ್ತದಾ?”

ಎಲ್ಲರೂ ನಕ್ಕರು. ಮನೆಯ ಹಿರಿಯಳಿಯನ ಮಾತಿಗೆ ಎದುರಾಡುವವರು ಯಾರು? ಆ ವರ್ಷವೆಲ್ಲ ಮದುವೆಮನೆಗಳಲ್ಲಿ ಭಾವ ನನ್ನನ್ನು ತೋರಿಸಿ, ಇವಳ ದೊರೆ ನನ್ನ ಹೊಟ್ಟೆಯಲ್ಲಿದ್ದಾನೆ ಎಂದು ಪರಿಚಯ ಮಾಡಿಸಿದರು. ಮಧುಗಿರಿಯಲ್ಲಿ ನನ್ನ ಪಾಠ ಕೇಳುವ ಮಕ್ಕಳ ತಂದೆತಾಯಿಗಳ ಮುಂದೆಯೂ ಬಿಡಲಿಲ್ಲ.

ಗೌರಿ ಹಬ್ಬಕ್ಕೆ ನನ್ನ ಗಂಡ ಭಾವನ ಎದುರು ಆಟಕ್ಕೆ ಕೂತರು. ಪಾವಗಡದಲ್ಲಿ ಕೆಲಸ, ಯಾರ ತಂಟೆಗೂ ಹೋಗದವರು. ಅಡ್ಡ ಕೇಳಿ, ಇಲ್ಲ ಎನಿಸಿಕೊಂಡೇ ಭಾವನ ದೊರೆಯನ್ನು ಎತ್ತಿದರು. ಎತ್ತಿದವರು ತಿನ್ನಬಾರದೇ? ಬೆಲ್ಲ ಕೈಯಲ್ಲಿ ಹಿಡಿದು ನನ್ನತ್ತ ತಿರುಗಿ ನಗುತ್ತಾ ಕೂತರು. ಭಾವ ಅವರ ಬೆರಳಿನಿಂದಲೇ ಬೆಲ್ಲ ಕಿತ್ತು ಕೋಟೆಯೊಳಗೆ ಇಟ್ಟರು. ನುಂಗುವವರೆಗೂ ದೊರೆ ಸಾಯುವುದಿಲ್ಲ, ನಿನ್ನ ಸರದಿ ಮುಗಿಯಿತು, ಇದೇ ನ್ಯಾಯ ಎಂದರು. ಮುಂದಿನ ಸರದಿಗೇ ಗೆದ್ದರು. ನನ್ನ ಗಂಡ ಅದಕ್ಕೂ ನಕ್ಕರು. ಬಸ್ಸಿನಲ್ಲಿ ಕೊರಟಗೆರೆ ದಾಟುವವರೆಗೂ ನಾನು ಅವರೊಂದಿಗೆ ಮಾತಾಡಲಿಲ್ಲ.

ದೀಪಾವಳಿಯ ಹೊತ್ತಿಗೆ ಭಾವನಿಗೆ ಶುಗರ್ ಎಂದು ತಿಳಿಯಿತು. ಅಕ್ಕ ಅವರ ಕಾಫಿಯಿಂದ ಹಿಡಿದು ಎಲ್ಲ ಸಿಹಿಗೂ ಬೀಗ ಹಾಕಿದಳು. ಬೆಲ್ಲವೆಂದರೆ ಪ್ರಾಣ ಬಿಡುವ ಮನುಷ್ಯ ಮಗುವಿನ ಹಾಗೆ ಮುಖ ಮಾಡಿಕೊಂಡು ಓಡಾಡುತ್ತಿದ್ದರು. ಎಲ್ಲರೂ ಅಯ್ಯೋ ಪಾಪ ಎಂದರು. ನಾನೂ ಎಂದೆ. ಮನಸ್ಸಿನಲ್ಲಿ ಮಾತ್ರ ಆಗಲೇ ಕೋಟೆ ಬರೆದು ಕಾಯಿ ಜೋಡಿಸುತ್ತಿದ್ದೆ.

ಈ ಸಲದ ಯುಗಾದಿಗೆ ಅಕ್ಕ ಭಾವನ ಅಂಗೈಗೆ ಬೇವನ್ನು ಮಾತ್ರ ಹಾಕಿದಳು. ಮಾರನೆಯ ದಿನ ಒಳಗೆ ಬಾಡೂಟದ ಮಸಾಲೆ ಅರೆಯುತ್ತಿರುವಾಗ ನಾನು ಜಗಲಿಯಲ್ಲಿ ಭಾವನೊಂದಿಗೆ ಕೊನೆಯ ಆಟ ಹೂಡಿದೆ. ದೊರೆಗಳಿಗೆ ಒಳ್ಳೆಯ ಕಪ್ಪು ಬೆಲ್ಲವನ್ನೇ ಆರಿಸಿದ್ದೆ. ಬೆಳ್ಳುಳ್ಳಿ ಸುಲಿಯುವುದನ್ನು ಇಲ್ಲೇ ಗಾಳಿಗೆ ಕೂತು ಸುಲಿ ಎಂದು ಅಕ್ಕನನ್ನು ಕರೆದು ಭಾವನ ಪಕ್ಕದಲ್ಲೇ ಕೂರಿಸಿದೆ.

ಭಾವ ಹುರುಪಿನಲ್ಲಿ ಆಡಿದರು. ನಾನು ನನ್ನ ಸಿಪಾಯಿಗಳನ್ನು ಒಂದೊಂದಾಗಿ ಮುಂದೆ ಬಿಟ್ಟೆ, ದೊರೆಯ ಸುತ್ತ ಬಯಲು ಮಾಡಿದೆ. ಅವರ ಕಣ್ಣೆಲ್ಲ ಆ ಬಯಲಿನ ಮೇಲೆಯೇ ಇತ್ತು. ನನ್ನ ಸಿಪಾಯಿ ಅವರ ದೊರೆಯ ಬಾಗಿಲಿಗೆ ಬಂದು ನಿಂತಿದ್ದನ್ನು ನೋಡಲಿಲ್ಲ. ನನ್ನ ದೊರೆಯನ್ನು ಎತ್ತಿ, ಗೆದ್ದೆ ಎಂದು ಬಾಯಿಯ ಹತ್ತಿರ ತಂದವರು ಹಾಗೇ ನಿಂತರು. ಅಕ್ಕನ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತ್ತು.

“ತಿನ್ನಿ ಭಾವ,” ಎಂದೆ. “ನುಂಗೋಗಂಟ ಸತ್ತಂಗಲ್ಲ ಅಂತ ನೀವೇ ಹೇಳಿದ್ರಲ್ಲ.”

ಅವರು ನನ್ನನ್ನು ನೋಡಿದ ನೋಟಕ್ಕಾಗಿಯೇ ನಾನು ವರ್ಷ ಕಾದಿದ್ದು. ಎಲ್ಲವೂ ಆ ಒಂದು ಗಳಿಗೆಯಲ್ಲಿ ಅವರಿಗೆ ಅರ್ಥವಾಯಿತು. ಬೆಲ್ಲವನ್ನು ನನ್ನ ಗಂಡನ ಕಡೆ ಚಾಚಿ, ನನ್ನ ಪರವಾಗಿ ನೀನು ತಿನ್ನಪ್ಪ ಎಂದರು. ಹುಟ್ಟಿದಾಗಿನಿಂದ ಒಂದು ಹಲ್ಲೂ ನೋಯದ ನನ್ನ ಗಂಡ ಕೆನ್ನೆ ಹಿಡಿದುಕೊಂಡು, ಹಲ್ಲುನೋವು ಅಣ್ಣ, ಆಗುವುದಿಲ್ಲ ಎಂದರು. ಗೌರಿ ಹಬ್ಬದ ಸಿಟ್ಟನ್ನು ನಾನು ಅಲ್ಲಿಗೆ ಮಾಫಿ ಮಾಡಿದೆ.

ನನ್ನ ಮುಂದೆ ಸೋಲುವುದಕ್ಕಿಂತ ಏನಾದರೂ ಆಗಲಿ ಎನ್ನಿಸಿತೋ ಏನೋ, ಭಾವ ಬೆಲ್ಲವನ್ನು ಬಾಯಿಗೆ ಎಸೆದುಕೊಂಡೇಬಿಟ್ಟರು. ಅಕ್ಕ ಅವರ ಗಲ್ಲದ ಕೆಳಗೆ ಅಂಗೈ ಹಿಡಿದಳು.

“ಉಗೀರಿ.”

ಭಾವ ಕೆನ್ನೆ ಉಬ್ಬಿಸಿಕೊಂಡು ಕೂತರು. ಅಕ್ಕ ಕೈ ತೆಗೆಯಲಿಲ್ಲ. ಕೊನೆಗೆ ಉಗಿದರು. ಅವಳು ಒದ್ದೆ ದೊರೆಯನ್ನು ತಂದು ನನ್ನ ಕೋಟೆಯೊಳಗೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮತ್ತೆ ಬೆಳ್ಳುಳ್ಳಿ ಎತ್ತಿಕೊಂಡಳು. ಸರದಿ ನನ್ನದಾಯಿತು.

ನಾನು ತಾತ ಕಲಿಸಿದಂತೆ ಕೇಳಿದೆ. “ಅಡ್ಡ ಇದೆಯಾ ಭಾವ?”

ಅವರು ಇಲ್ಲವೆಂದು ತಲೆಯಾಡಿಸಿದರು. ನಾನು ಅವರ ದೊರೆಯನ್ನು ಎತ್ತಿ ಒಂದು ಅಂಚು ಕಡಿದು ನುಂಗಿದೆ. ಒಂದೇ ತುತ್ತಿಗೆ ಮುಗಿಸಬಹುದಿತ್ತು, ಮುಗಿಸಲಿಲ್ಲ. ಆಟವಾಯಿತು, ನ್ಯಾಯವೂ ನನ್ನ ಕೈಗೆ ಬಂತು. ಇನ್ನು ಭಾವ ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ನನ್ನ ಕೈಯಲ್ಲಿದ್ದ ಬೆಲ್ಲವನ್ನೇ ನೋಡುತ್ತಿದ್ದರು.

“ಹೆಂಗೈತೆ?” ಎಂದರು. ಆ ದನಿಯಲ್ಲಿ ಆಟ ಇರಲಿಲ್ಲ.

ಏನೂ ಚೆನ್ನಾಗಿಲ್ಲ, ಬರೀ ಉಪ್ಪು ಎಂದಿದ್ದರೆ ಸಾಕಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿದ್ದೂ ನಿಜ.

“ತುಂಬಾ ಚೆನ್ನಾಗಿದೆ ಭಾವ,” ಎಂದೆ. ಉಳಿದ ಅರ್ಧವನ್ನೂ ಅವರ ಎದುರಿಗೇ ಕೂತು ನಿಧಾನವಾಗಿ ತಿಂದೆ.