ಗಂಗವ್ವನ ಉಡಿ

ವಾಕಡದ ಹೊಳೆದಂಡೆಯ ತಗಡಿನ ಶೆಡ್ಡುಗಳಲ್ಲಿ ಸಾಬವ್ವ ಅಂದರೆ ಎಲ್ಲರಿಗೂ ದೊಡ್ಡವ್ವ. ಯಾದಗಿರಿ ಕಡೆಯಿಂದ ಗಂಡನ ಜೊತೆ ಈ ಮರಾಠಿ ಸೀಮೆಗೆ ದುಡಿಯಲು ಬಂದು, ಇಟ್ಟಿಗೆ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆಸಿಕೊಂಡವಳು. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಮುತ್ತೈದೆಯರ ಕೈಯಲ್ಲಿ ಗಂಗವ್ವನಿಗೆ ಉಡಿ ತುಂಬಿಸುವವಳೂ ಅವಳೇ. ಹಸಿರು ಖಣ, ಬಳೆ, ಅಕ್ಕಿ, ಕುಂಕುಮ ನೀರಿಗೆ ಬಿಟ್ಟರೆ ಹೊಳೆ ಹಿಂದೆ ಸರಿಯುತ್ತದೆ. ಪ್ರತಿ ವರ್ಷ ಸರಿದಿತ್ತು ಕೂಡ. ಇನ್ನೊಬ್ಬರ ಮಾತು ಅವಳಿಗ್ಯಾಕೆ ಬೇಕು?

ಮಹಾನಗರಪಾಲಿಕೆಯ ನೀತಾ, ಧಾರವಾಡದ ಹೆಣ್ಣುಮಗಳು, ಬೇಸಿಗೆಯಲ್ಲೇ ಸೇತುವೆಯ ಕಂಬಕ್ಕೆ ಕೆಂಪು ಗೆರೆ ಹೊಡೆಸಿ ಬಂದು ಬೇಡಿಕೊಂಡಿದ್ದಳು.

"ಸಾಬವ್ವಾರ, ಇದು ಮೊದಲಿನ ಹೊಳಿ ಅಲ್ರಿ. ಎರಡೂ ದಂಡಿಗೆ ಕಟ್ಟಡ ಒಡದ ಕಲ್ಲುಮಣ್ಣು, ರಾಡಾರೋಡಾ ಸುರದು ಸಣ್ಣದು ಮಾಡ್ಯಾರ, ಮಳಿನೂ ಒಮ್ಮಿಗೇ ಹೊಡೀತದ. ನೀರು ಆ ಗೆರಿ ದಾಟ್ತಂದ್ರ ಆಮ್ಯಾಲ ತಡಿಯಾಕ ಯಾರ ಕೈಲೂ ಆಗೂದಿಲ್ಲ. ಎಚ್ಚರಿಕಿ ಭೋಂಗಾ ಕೂಗಿತಂದ್ರ ಎಲ್ಲಾ ಬಿಟ್ಟು ಮ್ಯಾಲಿನ ಸಾಲಿ ಕಟ್ಟಡಕ್ಕ ಹೋಗ್ರಿ."

"ಆಗ್ಲೇಳವ್ವ" ಎಂದಿದ್ದಳು ಸಾಬವ್ವ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು.

ಶ್ರಾವಣದ ಒಂದು ಬೆಳಿಗ್ಗೆ ಭೋಂಗಾ ಕೂಗಿತು. ಉಳಿದವರು ಶಾಲೆಗೆ ಹೋಗಲು ಗಂಟುಮೂಟೆ ಕಟ್ಟುವಾಗ ಸಾಬವ್ವ ಉಡಿಯ ತಟ್ಟೆ ಸಿದ್ಧಮಾಡಿದಳು. ಗಂಡ ತೀರಿಹೋದ ಮೇಲೆ ಅವಳೇ ಉಡಿ ತುಂಬುವಂತಿಲ್ಲ. ಬಸುರಿ ಸೊಸೆ ಸಪ್ನಾಳ ಕೈಗೆ ತಟ್ಟೆ ಕೊಟ್ಟು, "ನೀರು ಹಿಂದ ತಿರುಗೂತನಕಾ ಎದ್ದು ಬರಬ್ಯಾಡ" ಎಂದು ನೀರಂಚಿನ ಕಲ್ಲಿಗೆ ಕಳಿಸಿ ತಾನು ದಂಡೆಯ ಮೇಲೆ ನಿಂತಳು.

ನಿಂತವಳ ಕಣ್ಣು ಸೇತುವೆಯತ್ತ ಹೋಯಿತು. ಕಂಬದ ಮೇಲೆ ಗೆರೆಯೇ ಇಲ್ಲ! ನೀರು ಅದನ್ನು ಯಾವಾಗಲೋ ನುಂಗಿತ್ತು. ಅಯ್ಯೋ ಶಿವನೇ! ಎಂಥ ಕೆಲಸ ಮಾಡಿಬಿಟ್ಟೆ! ಕೂಗಿದರೆ ಹೊಳೆಯ ಸದ್ದಿಗೆ ದನಿ ಕೇಳಿಸಲಿಲ್ಲ. ಅತ್ತೆಯ ಮಾತು ಮೀರದ ಹುಡುಗಿ, ಕಲ್ಲಿನ ಮೇಲೆ ಕಣ್ಣುಮುಚ್ಚಿ ಕೈಮುಗಿದು ಕೂತೇ ಇದ್ದಳು. ನೀರು ಅವಳ ಸೊಂಟ ಮುಟ್ಟಿತ್ತು.

ಸಾಬವ್ವ ಬಿದ್ದೆದ್ದು ಇಳಿದು ಅವಳ ರಟ್ಟೆ ಹಿಡಿದೆಳೆದಳು.

"ಅತ್ತಿ, ಇನ್ನಾ ತಿರುಗಿಲ್ರಿ..."

"ತಿರುಗೂದಿಲ್ಲವ್ವ ಅಕಿ, ಇನ್ನ ತಿರುಗೂದಿಲ್ಲ! ನಡಿ!"

ಅವರು ನಾಲ್ಕು ಮಾರು ಹತ್ತುವುದರೊಳಗೆ ಆ ಕಲ್ಲು ಕಾಣದಾಯಿತು. ಸಾಬವ್ವ ಮೇಲೆ ನೋಡಿದಳು. ಶೆಡ್ಡಿನ ಹೆಂಗಸರು ಕಟ್ಟಿದ ಗಂಟುಗಳನ್ನು ಕೆಳಗಿಟ್ಟು, ಕೂಸುಗಳನ್ನು ಕಂಕುಳಲ್ಲೆತ್ತಿಕೊಂಡು, ತಟ್ಟೆ ಹಿಡಿದು ಸಾಲಾಗಿ ಇಳಿದು ಬರುತ್ತಿದ್ದರು. ದೊಡ್ಡವ್ವನೇ ಸೊಸೆಯನ್ನು ಕಳಿಸಿದ ಮೇಲೆ ಅವರೇಕೆ ಹೆದರಬೇಕು?

ಮುಂದಿದ್ದವಳ ತಟ್ಟೆಯನ್ನು ಸಾಬವ್ವ ಕೈಯಾರೆ ಬಡಿದು ಕೆಡವಿದಳು. ಕುಂಕುಮ ಕೆಸರಿಗೆ ಚೆಲ್ಲಿತು. ಹೆಂಗಸರು ಬಾಯಿಮೇಲೆ ಕೈಯಿಟ್ಟುಕೊಂಡರು.

"ಗಂಗವ್ವನ ಸಿಟ್ಟು ನನ್ನ ಮ್ಯಾಲಿರ್ಲಿ! ಸಾಲಿ ಕಡಿ ಓಡ್ರೆವ್ವಾ, ಓಡ್ರಿ!"